ಐವತ್ತು ದಾಟಿದ ಮೇಲೆ ಮೌಂಟೇನ್ ಬೈಕಿಂಗ್: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಇಪ್ಪತ್ತೈದರ ಹುಡುಗ ಬಿದ್ದು ಮಣಿಕಟ್ಟು ಉಳುಕಿಸಿಕೊಂಡರೆ ಸ್ವಲ್ಪ ದಿನ ಬಿಟ್ಟು ಮತ್ತೆ ಟ್ರೇಲಿಗೆ, ಅಂದರೆ ಗುಡ್ಡ-ಕಾಡಿನ ಸೈಕಲ್ ದಾರಿಗೆ, ಬಂದಿರುತ್ತಾನೆ. ಅದೇ ಪೆಟ್ಟು ಐವತ್ತೈದರವರಿಗೆ ಬಿದ್ದರೆ ಒಂದೆರಡು ತಿಂಗಳು ಹೋಗಬಹುದು. ಆ ಅವಧಿಯಲ್ಲಿ ದಮ್ಮು, ಕಾಲಿನ ಶಕ್ತಿ, ಧೈರ್ಯ ಮೂರೂ ಇಳಿಯುತ್ತವೆ. ಇಳಿದದ್ದನ್ನು ಮತ್ತೆ ಗಳಿಸಲು ಹಿಂದಿಗಿಂತ ಜಾಸ್ತಿ ಸಮಯ ಬೇಕು. ವಯಸ್ಸಾದ ಸವಾರರಿಗೆ ನಿಜವಾದ ತೊಂದರೆ ಇರುವುದು ಇಲ್ಲಿ.

ಹಾಗಾಗಿ ಈ ಮಾರ್ಗದರ್ಶಿಯ ಎಲ್ಲ ಹಂತಗಳ ಹಿಂದೆಯೂ ಒಂದೇ ಪ್ರಶ್ನೆ ಇದೆ: ಇವತ್ತು ಹೀಗೆ ಮಾಡಿದರೆ ಮುಂದಿನ ವಾರವೂ ಸೈಕಲ್ ಹತ್ತಲು ಆಗುತ್ತಾ? ಆಗುತ್ತದೆ ಅಂದರೆ ಮಾಡಿ. ಅನುಮಾನ ಇದ್ದರೆ ಬೇರೆ ದಾರಿ ಹುಡುಕಿ.

ಹಾಗಂತ ಆಸೆ ಸಣ್ಣದು ಮಾಡಿಕೊಳ್ಳಬೇಕಿಲ್ಲ. ಅಮೆರಿಕದ ನೆಡ್ ಓವರೆಂಡ್ 1990ರಲ್ಲಿ ಕೊಲರಾಡೊದ ಡುರಾಂಗೊದಲ್ಲಿ ಮೌಂಟೇನ್ ಬೈಕ್ ವಿಶ್ವ ಚಾಂಪಿಯನ್ ಆದಾಗ ಅವರಿಗೆ 35 ವರ್ಷ. 2015ರಲ್ಲಿ ಅಮೆರಿಕದ ಮೊದಲ ಫ್ಯಾಟ್ ಬೈಕ್ (ತುಂಬ ದಪ್ಪ ಟೈರಿನ ಸೈಕಲ್) ರಾಷ್ಟ್ರೀಯ ಚಾಂಪಿಯನ್‌ಶಿಪ್ ಗೆದ್ದಾಗ 59. ಜರ್ಮನಿಯ ಸಬೀನ್ ಸ್ಪಿಟ್ಜ್ ಬೀಜಿಂಗ್ ಒಲಿಂಪಿಕ್ಸ್ ಚಿನ್ನ ಗೆದ್ದದ್ದು 36ರಲ್ಲಿ. ಇವರೆಲ್ಲ ಅಪರೂಪದವರು, ನಿಜ. ಆದರೂ ದೇಹಕ್ಕೆ ಕೆಲಸ ಕೊಡುತ್ತಾ ಹೋದರೆ ಅದು ಎಷ್ಟು ದೂರ ಬರುತ್ತದೆ ಅನ್ನುವುದು ಇವರಿಂದ ಗೊತ್ತಾಗುತ್ತದೆ.

ಹಂತ 1: ದೇಹದ ಲೆಕ್ಕ ನೋಡಿ

ಹೊಸದಾಗಿ ಶುರು ಮಾಡುವವರು, ವರ್ಷಗಟ್ಟಲೆ ಬಿಟ್ಟು ಮತ್ತೆ ಬರುವವರು, ಇಬ್ಬರೂ ಮೊದಲು ವೈದ್ಯರನ್ನು ಕಾಣಬೇಕು. ಸುಮ್ನೆ "ಸೈಕಲ್ ಹೊಡೀಬಹುದಾ?" ಅಂತ ಕೇಳಿದರೆ "ಹೊಡೀರಿ, ಒಳ್ಳೇದು" ಅನ್ನುವ ಉತ್ತರ ಬರುತ್ತದೆ. ವಿವರವಾಗಿ ಹೇಳಿ: ಕಡಿದಾದ ಏರು ಇರುತ್ತದೆ, ಹೃದಯ ಜೋರಾಗಿ ಬಡಿಯುತ್ತದೆ, ಬೀಳುವ ಸಾಧ್ಯತೆ ಇದೆ, ಆಸ್ಪತ್ರೆ ಹತ್ತಿರ ಇರುವುದಿಲ್ಲ. ಆಗ ಮಾತುಕತೆಯೇ ಬೇರೆ ಆಗುತ್ತದೆ.

ಮಾತ್ರೆಗಳ ಪಟ್ಟಿ ಜೊತೆಗಿರಲಿ. ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುವವರಿಗೆ ತಲೆಗೆ ಬಿದ್ದ ಸಣ್ಣ ಪೆಟ್ಟೂ ಒಳಗಡೆ ರಕ್ತಸ್ರಾವ ಮಾಡಬಹುದು. ರಕ್ತದೊತ್ತಡ, ಹೃದಯದ ತೊಂದರೆಗೆ ಕೊಡುವ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರ ಹೃದಯ ಬಡಿತ ಎಷ್ಟೇ ಕಷ್ಟಪಟ್ಟರೂ ಒಂದು ಮಟ್ಟದ ಮೇಲೆ ಏರುವುದಿಲ್ಲ, ಆದ್ದರಿಂದ ವಾಚು ತೋರಿಸುವ ಸಂಖ್ಯೆ ನಂಬಿ ಸವಾರಿ ಮಾಡಬಾರದು. ಮೂತ್ರ ಹೆಚ್ಚಿಸುವ ಮಾತ್ರೆ ಇದ್ದರೆ ಬಿಸಿಲಲ್ಲಿ ದೇಹದ ನೀರು ಬೇಗ ಖಾಲಿಯಾಗುತ್ತದೆ. ಮಧುಮೇಹಕ್ಕೆ ಇನ್ಸುಲಿನ್ ತೆಗೆದುಕೊಳ್ಳುವವರು ಸವಾರಿಯ ದಿನದ ಡೋಸ್ ಬಗ್ಗೆ ಕೇಳಿಕೊಳ್ಳಲೇಬೇಕು.

ಇನ್ನೊಂದು ಮೂಳೆಯ ವಿಷಯ. ಸೈಕಲ್ ಹೊಡೆದರೆ ಹೃದಯ ಗಟ್ಟಿಯಾಗುತ್ತದೆ, ಮೂಳೆ ಆಗುವುದಿಲ್ಲ. ಸೀಟಿನ ಮೇಲೆ ಕೂತಾಗ ಮೂಳೆಯ ಮೇಲೆ ಭಾರ ಬೀಳುವುದಿಲ್ಲವಲ್ಲ, ಅದಕ್ಕೆ. ಮುಟ್ಟು ನಿಂತ ಹೆಂಗಸರು, ತುಂಬ ತೆಳ್ಳಗಿರುವವರು, ಸ್ಟೆರಾಯ್ಡ್ ಮಾತ್ರೆ ತೆಗೆದುಕೊಂಡವರು ಮೂಳೆ ಸಾಂದ್ರತೆಯ ಸ್ಕ್ಯಾನ್ ಬೇಕಾ ಅಂತ ಕೇಳಿ. ಗಂಡಸರಿಗೆ ಒಂದು ಸಣ್ಣ ಮಾತು: ಪ್ರಾಸ್ಟೇಟ್‌ಗಾಗಿ ಮಾಡುವ ಪಿಎಸ್ಎ ರಕ್ತ ಪರೀಕ್ಷೆಗೆ ಮೊದಲಿನ ಎರಡು ದಿನ ಸೈಕಲ್ ಬೇಡ. ಸೀಟಿನ ಒತ್ತಡದಿಂದ ಸಂಖ್ಯೆ ಮೇಲೇರಬಹುದು.

ಕಣ್ಣನ್ನು ಬಹಳ ಜನ ಮರೆಯುತ್ತಾರೆ. ದೂರಕ್ಕೂ ಓದಲಿಕ್ಕೂ ಸೇರಿಸಿ ಮಾಡಿದ ಪ್ರೋಗ್ರೆಸಿವ್ ಅಥವಾ ಬೈಫೋಕಲ್ ಕನ್ನಡಕದ ಕೆಳಭಾಗ ಓದುವ ದೂರಕ್ಕೆ ಹೊಂದಿಸಿದ್ದು. ಟ್ರೇಲಿನಲ್ಲಿ ಮುಂದಿನ ಚಕ್ರದ ಹತ್ತಿರದ ನೆಲ ಕಾಣುವುದು ಅದೇ ಭಾಗದಿಂದ, ಅಂದರೆ ಮಸುಕಾಗಿ. ಬರೀ ದೂರ ದೃಷ್ಟಿಗೆ ಒಂದು ಸವಾರಿ ಕನ್ನಡಕ ಮಾಡಿಸಿಕೊಳ್ಳಿ. ವಯಸ್ಸಾದಂತೆ ಕಣ್ಣು ಬೆಳಕಿನಿಂದ ಕತ್ತಲಿಗೆ ಹೊಂದಿಕೊಳ್ಳುವುದೂ ನಿಧಾನವಾಗುತ್ತದೆ. ಬಿಸಿಲಿನ ಬಯಲಿನಿಂದ ಮರಗಳ ನೆರಳಿಗೆ ಹೊಕ್ಕ ಮೊದಲ ಕೆಲವು ಸೆಕೆಂಡು ಬೇರು, ಕಲ್ಲು ಏನೂ ಸರಿಯಾಗಿ ಕಾಣುವುದಿಲ್ಲ. ಬಿಸಿಲಿಗೆ ತಾನೇ ಕಪ್ಪಾಗುವ ಗಾಜು ಇದಕ್ಕೆ ಪರಿಹಾರ ಅಂತ ಮಾರುತ್ತಾರೆ. ಆದರೆ ಅದು ಮತ್ತೆ ತಿಳಿಯಾಗಲು ಹಿಡಿಯುವ ಹೊತ್ತಿಗೆ ನೀವು ತಿರುವಿನೊಳಗೆ ಇರುತ್ತೀರಿ. ನೆರಳಿಗೆ ಹೋಗುವ ಮೊದಲೇ ವೇಗ ಇಳಿಸುವುದೇ ಸರಿಯಾದ ದಾರಿ.

ಹಂತ 2: ಸೈಕಲ್ಲನ್ನು ನಿಮ್ಮ ಪರವಾಗಿ ಆರಿಸಿ

ದುಬಾರಿ ಸೈಕಲ್ ಕೊಂಡರೆ ಎಲ್ಲ ಸರಿಹೋಗುತ್ತದೆ ಅಂತಲ್ಲ. ಆದರೆ ಕೆಲವು ಭಾಗಗಳು ವಯಸ್ಸಾದ ದೇಹಕ್ಕೆ ಮಾಡುವ ಉಪಕಾರ ದೊಡ್ಡದು. ಒಂದನ್ನು ಮಾತ್ರ ಆರಿಸಿ ಅಂದರೆ ನಾನು ಡ್ರಾಪರ್ ಪೋಸ್ಟ್ ಅನ್ನುತ್ತೇನೆ. ಹ್ಯಾಂಡಲ್ ಮೇಲಿನ ಗುಂಡಿ ಒತ್ತಿದರೆ ಸೀಟು ಕೆಳಗಿಳಿಯುವ ವ್ಯವಸ್ಥೆ ಇದು. ಇಳಿಜಾರಿನಲ್ಲಿ ಸೀಟು ಅಡ್ಡ ಬರುವುದಿಲ್ಲ ಅನ್ನುವುದು ಎಲ್ಲರೂ ಹೇಳುವ ಲಾಭ. ನಮಗೆ ಅದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ: ನಿಲ್ಲಬೇಕಾದಾಗ ಕಾಲು ಸಲೀಸಾಗಿ ನೆಲಕ್ಕೆ ಸಿಗುತ್ತದೆ, ಹತ್ತುವಾಗ ಇಳಿಯುವಾಗ ಕಾಲನ್ನು ಅಷ್ಟೆತ್ತರ ಎತ್ತಬೇಕಿಲ್ಲ. ಸೊಂಟ ಬಿಗಿಯಾದವರಿಗೆ ಇದೊಂದೇ ಸಾಕು.

ಹಿಂದೆ ಮುಂದೆ ಎರಡೂ ಕಡೆ ಸಸ್ಪೆನ್ಷನ್ ಇರುವ, 120ರಿಂದ 140 ಮಿಲಿಮೀಟರ್ ಟ್ರಾವೆಲ್ (ಸಸ್ಪೆನ್ಷನ್ ಕುಸಿಯಬಲ್ಲ ಒಟ್ಟು ದೂರ) ಇರುವ ಟ್ರೇಲ್ ಸೈಕಲ್ ಹೆಚ್ಚಿನವರಿಗೆ ಹೊಂದುತ್ತದೆ. ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಹಾರ್ಡ್‌ಟೇಲ್ ಹಗುರ, ನೋಡಿಕೊಳ್ಳುವುದು ಸುಲಭ. ಆದರೆ ಎರಡು ಗಂಟೆ ಕಲ್ಲಿನ ದಾರಿ ಆದ ಮೇಲೆ ಬೆನ್ನು, ಮಂಡಿ ಅದರ ಲೆಕ್ಕ ಕೇಳುತ್ತವೆ. 29 ಇಂಚಿನ ಚಕ್ರ ಬೇರು, ಕಲ್ಲುಗಳ ಮೇಲೆ ಸಿಕ್ಕಿಕೊಳ್ಳದೆ ಉರುಳಿ ಹೋಗುತ್ತದೆ. ತುಂಬ ಕುಳ್ಳಗಿರುವವರು 27.5 ನೋಡಬಹುದು.

ಗೇರಿನ ವಿಷಯದಲ್ಲಿ ನಾಚಿಕೆ ಬೇಡ. ಮುಂದೆ 30 ಹಲ್ಲು, ಹಿಂದೆ 51 ಅಥವಾ 52 ಹಲ್ಲಿನ ದೊಡ್ಡ ಕಾಗ್ (ಹಲ್ಲುಚಕ್ರ) ಇದ್ದರೆ ಮಂಡಿ ಮೇಲೆ ಜೋರು ಬೀಳದೆ ಕಡಿದಾದ ಏರೂ ಹತ್ತಬಹುದು. ಮಂಡಿ ಅಥವಾ ಸೊಂಟ ಪೂರ್ತಿ ಮಡಚಲು ನೋವಿದ್ದರೆ ಸಣ್ಣ ಕ್ರ್ಯಾಂಕ್ (ಪೆಡಲ್ ಕೂಡಿಸುವ ತೋಳು) ಹಾಕಿಸಿ. 175 ಮಿಲಿಮೀಟರ್‌ನಿಂದ 165ಕ್ಕೆ ಇಳಿಸಿದರೆ ಪೆಡಲ್ ಮೇಲೆ ಬಂದಾಗ ಮಂಡಿ ಅಷ್ಟು ಮಡಚುವುದಿಲ್ಲ. ಪೆಡಲ್ ಕಲ್ಲಿಗೆ ತಾಗುವುದೂ ಕಡಿಮೆ.

ಬ್ರೇಕು ಹೈಡ್ರಾಲಿಕ್ ಡಿಸ್ಕ್ ಆಗಿರಲಿ. ಮುಂದೆ 203, ಹಿಂದೆ 180 ಮಿಲಿಮೀಟರ್ ರೋಟರ್ (ಬ್ರೇಕು ಹಿಡಿಯುವ ಲೋಹದ ತಟ್ಟೆ) ಇದ್ದರೆ ಒಂದೇ ಬೆರಳಲ್ಲಿ ನಿಲ್ಲಿಸಬಹುದು, ಉದ್ದನೆಯ ಇಳಿಜಾರಿನಲ್ಲಿ ಕೈ ಸೋಲುವುದಿಲ್ಲ. ಹೆಬ್ಬೆರಳ ಬುಡದ ಕೀಲು ಸವೆದು ನೋಯುವವರು ಬಹಳ ಜನ ಇದ್ದಾರೆ. ಅವರಿಗೆ ಗೇರ್ ಲಿವರ್ ತಳ್ಳುವುದೇ ಹಿಂಸೆ. ಬ್ಯಾಟರಿಯಿಂದ ನಡೆಯುವ ಎಲೆಕ್ಟ್ರಾನಿಕ್ ಶಿಫ್ಟರ್‌ನಲ್ಲಿ ಮೆಲ್ಲಗೆ ಒತ್ತಿದರೆ ಸಾಕು.

ಪೆಡಲ್: ಶೂ ಸಿಕ್ಕಿಸುವ ಕ್ಲಿಪ್‌ಲೆಸ್ ಪೆಡಲ್ಲಿಗೆ ದಶಕಗಳಿಂದ ಒಗ್ಗಿದವರು ಅದನ್ನೇ ಇಟ್ಟುಕೊಳ್ಳಲಿ, ಬಿಡಿಸುವ ಬಿಗಿಯನ್ನು ಮಾತ್ರ ಕಡಿಮೆ ಮಾಡಿಕೊಳ್ಳಿ. ಹೊಸಬರು ಅಗಲವಾದ ಫ್ಲಾಟ್ ಪೆಡಲ್, ಮೆತ್ತನೆಯ ರಬ್ಬರ್ ತಳದ ಶೂ ಹಾಕಿಕೊಳ್ಳಲಿ. ಇದರ ಬಗ್ಗೆ ವಾದ ಮುಗಿಯುವುದಿಲ್ಲ, ಬಿಡಿ.

ಹಂತ 3: ಹೊಂದಿಸಿಕೊಳ್ಳಿ

ಸರಿಯಾಗಿ ಹೊಂದಿಸದ ದುಬಾರಿ ಸೈಕಲ್ಲಿಗಿಂತ ಹೊಂದಿಸಿದ ಸಾಧಾರಣ ಸೈಕಲ್ ಎಷ್ಟೋ ವಾಸಿ. ಮೊದಲು ಟೈರಿನ ಗಾಳಿ ನೋಡಿ. ಇದಕ್ಕೆ ಖರ್ಚೇ ಇಲ್ಲ. 2.4 ಇಂಚಿನ ಟ್ಯೂಬ್‌ಲೆಸ್ ಟೈರು, ಸವಾರನ ತೂಕ ಸುಮಾರು 70 ಕಿಲೋ ಅಂದುಕೊಳ್ಳಿ. ಮುಂದೆ 20-22 ಪಿಎಸ್ಐ, ಹಿಂದೆ 23-25 ಪಿಎಸ್ಐಯಿಂದ ಶುರು ಮಾಡಿ. ರಿಮ್ಮು ಕಲ್ಲಿಗೆ ಬಡಿದರೆ ಒಂದೊಂದಾಗಿ ಏರಿಸಿ, ಕೈ ನಡುಗುವಷ್ಟು ಗಡುಸಾಗಿದ್ದರೆ ಇಳಿಸಿ. ರಸ್ತೆ ಸೈಕಲ್ಲಿನ ಅಭ್ಯಾಸದಿಂದ 40 ತುಂಬಿಸಿಕೊಂಡು ಬರುವವರು ಇದ್ದಾರೆ. ಅವರ ಕೈ ನೋವಿಗೆ ಅರ್ಧ ಕಾರಣ ಅದೇ.

ಸಸ್ಪೆನ್ಷನ್‌ನಲ್ಲಿ ಮುಖ್ಯವಾದದ್ದು ಸ್ಯಾಗ್, ಅಂದರೆ ನೀವು ಮೇಲೆ ನಿಂತಾಗ ಅದು ಕುಸಿಯುವ ಪ್ರಮಾಣ. ನೀರು, ಬ್ಯಾಗು ಎಲ್ಲ ಹಾಕಿಕೊಂಡು, ಗೋಡೆ ಹಿಡಿದು ಪೆಡಲ್ ಮೇಲೆ ನಿಲ್ಲಿ. ಶಾಕಿನ ಮೇಲಿನ ರಬ್ಬರ್ ಉಂಗುರ ಎಲ್ಲಿಗೆ ಬಂತು ನೋಡಿ. ಹಿಂದೆ ಒಟ್ಟು ಟ್ರಾವೆಲ್ಲಿನ 25ರಿಂದ 30 ಶೇಕಡಾ, ಮುಂದೆ 15ರಿಂದ 20 ಶೇಕಡಾ ಕುಸಿದರೆ ಸರಿ. ಹೆಚ್ಚು ಕಡಿಮೆ ಆದರೆ ಶಾಕ್ ಪಂಪಿನಿಂದ ಗಾಳಿ ಹೊಂದಿಸಿ.

ಬ್ರೇಕ್ ಲಿವರನ್ನು ತೋರುಬೆರಳಿನ ಮೊದಲ ಗೆಣ್ಣು ಸುಲಭವಾಗಿ ಮುಟ್ಟುವಷ್ಟು ಹತ್ತಿರ ತನ್ನಿ. ನಿಂತು ಸವಾರಿ ಮಾಡುವಾಗ ಮುಂಗೈ, ಮಣಿಕಟ್ಟು, ಬೆರಳು ಒಂದೇ ಗೆರೆಯಲ್ಲಿ ಇರುವಂತೆ ಲಿವರನ್ನು ತಿರುಗಿಸಿ. ಕುತ್ತಿಗೆ ನೋವಿದ್ದರೆ ಹ್ಯಾಂಡಲನ್ನು ಎತ್ತರಿಸಬೇಕು: 30ರಿಂದ 40 ಮಿಲಿಮೀಟರ್ ಮೇಲೆದ್ದ ಬಾರ್ ಹಾಕಿಸಿದರೆ ತಲೆ ಎತ್ತಿ ಮುಂದೆ ನೋಡಲು ಕಷ್ಟವಾಗುವುದಿಲ್ಲ. ಸೀಟಿನಲ್ಲಿ ಜೋಮು ಹಿಡಿಯುತ್ತಿದ್ದರೆ ನಡುವೆ ಸೀಳಿರುವ, ನಿಮ್ಮ ಕೂರುವ ಮೂಳೆಯ ಅಗಲಕ್ಕೆ ಸರಿಹೊಂದುವ ಸೀಟು ಹುಡುಕಿ. ಮೆತ್ತಗಿದ್ದರೆ ಒಳ್ಳೆಯದು ಅನ್ನುವುದು ತಪ್ಪು ಎಣಿಕೆ. ತೀರಾ ಮೆತ್ತನೆಯ ಸೀಟಿನಲ್ಲಿ ಮೂಳೆ ಹೂತು ನಡುವಿನ ಭಾಗಕ್ಕೇ ಒತ್ತಡ ಜಾಸ್ತಿ.

ಹಂತ 4: ಬಯಲಿನಲ್ಲಿ ಕಲಿಯಿರಿ

ಇದಕ್ಕೆ ನಾನು ಎಲ್ಲಕ್ಕಿಂತ ಜಾಸ್ತಿ ಜಾಗ ಕೊಡುತ್ತಿದ್ದೇನೆ. ಕಾರಣ ಇದೆ. ನಾನು ನೋಡಿದ ಮಟ್ಟಿಗೆ ವಯಸ್ಸಾದ ಸವಾರರು ಬೀಳುವುದು ಬಹಳ ಸಲ ನಿಧಾನ ವೇಗದಲ್ಲಿ: ಏರಿನಲ್ಲಿ ದಮ್ಮು ಮುಗಿದು ಸೈಕಲ್ ನಿಂತಾಗ, ಬಿಗಿ ತಿರುವಿನಲ್ಲಿ ತಡವರಿಸಿದಾಗ, ಕಾಲಿಡಲು ಹೋಗಿ ನೆಲ ಸಿಗದಿದ್ದಾಗ. ಮೂವತ್ತು ವರ್ಷ ಸೈಕಲ್ ಹೊಡೆದವರೂ ಈ ಸಣ್ಣ ವಿಷಯಗಳನ್ನು ಕೂತು ಅಭ್ಯಾಸ ಮಾಡಿರುವುದಿಲ್ಲ. ಹುಲ್ಲಿನ ಬಯಲು, ಸ್ವಲ್ಪ ಇಳಿಜಾರು, ವಾರಕ್ಕೆ ಇಪ್ಪತ್ತು ನಿಮಿಷ ಸಾಕು.

*ಸಿದ್ಧ ನಿಲುವು.* ಸೀಟು ಇಳಿಸಿ, ಪೆಡಲ್ ಮೇಲೆ ನಿಲ್ಲಿ. ಎರಡೂ ಪೆಡಲ್ ನೆಲಕ್ಕೆ ಸಮ. ಹಿಮ್ಮಡಿ ಸ್ವಲ್ಪ ಕೆಳಗೆ. ಸೊಂಟದಿಂದ ಬಾಗಿ, ಬೆನ್ನು ನೇರ, ಮೊಣಕೈ ಹೊರಗೆ ಮಡಚಿರಲಿ. ದೇಹದ ಭಾರ ಎಲ್ಲ ಪಾದದ ಮೇಲೆ ಇರಬೇಕು, ಕೈ ಹಗುರವಾಗಿರಬೇಕು. ಕೈಯಲ್ಲಿ ಭಾರ ಇದೆಯಾ ಅಂತ ಪರೀಕ್ಷಿಸಲು ಸಮತಟ್ಟಾದ ಕಡೆ ಮೆಲ್ಲಗೆ ಹೋಗುತ್ತಾ ಬೆರಳನ್ನು ಒಂದು ಕ್ಷಣ ಸಡಿಲಿಸಿ ನೋಡಿ. ಮುಂದಕ್ಕೆ ಕುಸಿದರೆ ಸೊಂಟ ಇನ್ನೂ ಹಿಂದೆ ಹೋಗಬೇಕು.

*ಇಳಿಯುವುದು.* ಬಹಳ ಜನ ಇಡೀ ಜೀವನ ಎಡಗಡೆಗೇ ಇಳಿದಿರುತ್ತಾರೆ. ಟ್ರೇಲಿನ ಎಡಗಡೆ ಕಣಿವೆ ಇದ್ದಾಗಲೂ ಎಡಗಾಲೇ ತಾನಾಗಿ ಹೊರಗೆ ಬರುತ್ತದೆ, ಅಲ್ಲಿ ನೆಲ ಒಂದಡಿ ಕೆಳಗಿರುತ್ತದೆ, ಉರುಳಿಬಿಡುತ್ತಾರೆ. ಅಡ್ಡ ಇಳಿಜಾರಿನಲ್ಲಿ ಯಾವಾಗಲೂ ಎತ್ತರದ ಕಡೆಗೆ ಕಾಲಿಡಿ. ಅದಕ್ಕಾಗಿ ಬಲಗಡೆ ಇಳಿಯುವುದನ್ನು ಎಡಗಡೆಯಷ್ಟೇ ಸಲೀಸಾಗುವ ತನಕ ಅಭ್ಯಾಸ ಮಾಡಿ. ಆಮೇಲೆ ಸೀಟು ಇಳಿಸಿ ಹಿಂದಿನ ಚಕ್ರದ ಮೇಲಿಂದ ಹಿಂದಕ್ಕೆ ಇಳಿಯುವುದನ್ನೂ ಕಲಿಯಿರಿ. ಕಡಿದಾದ ಇಳಿತದಲ್ಲಿ ಮನಸ್ಸು ಬದಲಾದಾಗ ಇದು ಕಾಪಾಡುತ್ತದೆ.

*ಬ್ರೇಕು.* ನೆಲದಲ್ಲಿ ಒಂದು ಗೆರೆ ಎಳೆದು ಸರಿಯಾಗಿ ಅಲ್ಲೇ ನಿಲ್ಲಿಸಿ. ನಿಲ್ಲಿಸುವ ಶಕ್ತಿಯ ಹೆಚ್ಚಿನ ಪಾಲು ಮುಂದಿನ ಬ್ರೇಕಿನಲ್ಲಿದೆ. ಅದಕ್ಕೆ ಹೆದರಿ ಹಿಂದಿನದನ್ನು ಮಾತ್ರ ಹಿಡಿಯುವವರ ಚಕ್ರ ಜಾರುತ್ತದೆ, ಟ್ರೇಲೂ ಹಾಳಾಗುತ್ತದೆ. ಎರಡನ್ನೂ ಒಟ್ಟಿಗೆ, ಮೆಲ್ಲಗೆ ಶುರು ಮಾಡಿ ಬಿಗಿ ಮಾಡುತ್ತಾ ಬನ್ನಿ. ಒತ್ತುವಾಗ ಸೊಂಟ ಹಿಂದೆ ಹೋಗಲಿ, ಹಿಮ್ಮಡಿ ಕೆಳಗೆ ಇಳಿಯಲಿ. ತಿರುವು ಬರುವ ಮೊದಲೇ ವೇಗ ಇಳಿಸಿ, ತಿರುವಿನೊಳಗೆ ಬ್ರೇಕು ಬಿಟ್ಟುಬಿಡಿ.

*ನಿಧಾನ ಓಟ.* ಹತ್ತು ಮೀಟರ್ ದೂರವನ್ನು ಎಷ್ಟು ನಿಧಾನವಾಗಿ ಸಾಧ್ಯವೋ ಅಷ್ಟು ನಿಧಾನವಾಗಿ, ಕಾಲಿಡದೆ ದಾಟಿ. ಗೆಳೆಯರಿದ್ದರೆ ಪಂದ್ಯ ಕಟ್ಟಿ, ಮಜಾ ಬರುತ್ತದೆ. ಹಿಂದಿನ ಬ್ರೇಕನ್ನು ಸ್ವಲ್ಪ ಹಿಡಿದು, ಅದರ ವಿರುದ್ಧವೇ ಮೆಲ್ಲಗೆ ಪೆಡಲ್ ಒತ್ತುವುದು ಇದರ ಗುಟ್ಟು. ಎಂಟರ ಆಕಾರದಲ್ಲಿ ಸುತ್ತಿ, ಸುತ್ತನ್ನು ಸಣ್ಣದು ಮಾಡುತ್ತಾ ಹೋಗಿ. ತಲೆ ತಿರುಗಿಸಿ ಎಲ್ಲಿಗೆ ಹೋಗಬೇಕೋ ಅಲ್ಲಿಗೆ ನೋಡಿ. ಮುಂದಿನ ಚಕ್ರ ನೋಡಿದರೆ ಕಾಲಿಡುತ್ತೀರಿ.

*ಮುಂದಿನ ಚಕ್ರ ಎತ್ತುವುದು.* ಒಂದು ಕಡ್ಡಿ ಇಟ್ಟು ಅದರ ಮೇಲೆ ಚಕ್ರ ತೇಲಿಸಿ. ಹ್ಯಾಂಡಲ್ ಜಗ್ಗಿದರೆ ಭುಜ ನೋಯುತ್ತದೆ. ಮೊದಲು ಕಾಲು ಮಡಚಿ ಕುಸಿದು, ಪಾದದಿಂದ ಒತ್ತಿ, ಸೊಂಟವನ್ನು ಹಿಂದಕ್ಕೆ ಎಳೆದರೆ ಚಕ್ರ ತಾನೇ ಏಳುತ್ತದೆ.

ಕಲಿಸುವವರು ಹತ್ತಿರದಲ್ಲಿ ಇದ್ದರೆ ಒಂದು ದಿನದ ತರಬೇತಿಗೆ ಹೋಗಿ. ಹೊಸ ಚಕ್ರಕ್ಕೆ ಹಾಕುವ ದುಡ್ಡಿಗಿಂತ ಅದು ಉಪಯೋಗ.

ಹಂತ 5: ಟ್ರೇಲ್ ಆರಿಸುವ ಜಾಣತನ

ಟ್ರೇಲ್‌ಗಳಿಗೆ ಬಣ್ಣದ ಗುರುತು ಇರುತ್ತದೆ. ಅಮೆರಿಕದ ಪದ್ಧತಿಯಲ್ಲಿ ಹಸಿರು ವೃತ್ತ ಸುಲಭ, ನೀಲಿ ಚೌಕ ಮಧ್ಯಮ, ಕಪ್ಪು ವಜ್ರ ಕಷ್ಟ. ಯುರೋಪಿನಲ್ಲಿ ನೀಲಿ ಸುಲಭ, ಕೆಂಪು ಮಧ್ಯಮ, ಕಪ್ಪು ಕಷ್ಟ ಅನ್ನುವ ಪದ್ಧತಿ ಹೆಚ್ಚು. ಅಂದರೆ ಒಂದು ಕಡೆಯ ನೀಲಿ ಇನ್ನೊಂದು ಕಡೆಯ ನೀಲಿ ಅಲ್ಲ. ಹೊಸ ಜಾಗಕ್ಕೆ ಹೋದಾಗ ನಿಮ್ಮ ಮಟ್ಟಕ್ಕಿಂತ ಒಂದು ಮೆಟ್ಟಿಲು ಕೆಳಗಿನಿಂದ ಶುರು ಮಾಡಿ, ಅಲ್ಲಿನ ಅಳತೆ ಹೇಗಿದೆ ಅಂತ ಗೊತ್ತಾಗಲಿ.

ಕಷ್ಟದ ಜಾಗ ಬಂದಾಗ ನಿಲ್ಲಿ, ಸೈಕಲ್ ಒರಗಿಸಿ, ನಡೆದು ನೋಡಿ. ಎಲ್ಲಿ ಹೊಕ್ಕು ಎಲ್ಲಿ ಹೊರಬರಬೇಕು, ತಪ್ಪಿದರೆ ಎಲ್ಲಿಗೆ ಬೀಳುತ್ತೀರಿ? ಈ ಮೂರನೆಯದನ್ನು ಯುವಕರು ಕೇಳುವುದೇ ಇಲ್ಲ. ಮಣ್ಣಿಗೆ ಬೀಳುವುದಾದರೆ ಪ್ರಯತ್ನಿಸಿ. ಕಲ್ಲಿಗೆ, ಮರಕ್ಕೆ, ಕಣಿವೆಗೆ ಬೀಳುವುದಾದರೆ ತಳ್ಳಿಕೊಂಡು ಹೋಗಿ. ಇಳಿದು ನಡೆಯುವುದನ್ನು ಯಾರೂ ಲೆಕ್ಕ ಇಡುವುದಿಲ್ಲ. ಇಡುವವರ ಜೊತೆ ಸವಾರಿಗೆ ಹೋಗಬೇಡಿ.

ಸುಸ್ತಾದ ಮೇಲಿನ ಕೊನೆಯ ಇಳಿತದ ಬಗ್ಗೆ ಒಂದು ಎಚ್ಚರಿಕೆ. ಕಾಲು ಸೋತಾಗ ಸೀಟಿನ ಮೇಲೆ ಕೂರುತ್ತೀರಿ, ಕೂತಾಗ ಸೈಕಲ್ ನಿಮ್ಮನ್ನು ಎಸೆಯುತ್ತದೆ. ಆದ್ದರಿಂದ ಕಷ್ಟದ ಇಳಿತ ಸವಾರಿಯ ನಡುವಿನಲ್ಲಿ ಬರುವಂತೆ ದಾರಿ ಯೋಜಿಸಿ, ಮನೆಗೆ ಬರುವ ದಾರಿ ಸುಲಭದ್ದಾಗಿರಲಿ. ಮಳೆ ಬಿದ್ದ ಮೇಲೆ ಒದ್ದೆ ಬೇರು ಅಡ್ಡ ಬಂದರೆ ನೇರವಾಗಿ, ಬ್ರೇಕ್ ಹಿಡಿಯದೆ ದಾಟಿ. ನಡೆಯುವವರಿಗೆ ದಾರಿ ಬಿಡಿ. ಟ್ರೇಲ್ ಮುಚ್ಚಿದ್ದರೆ ಹೋಗಬೇಡಿ.

ಹಂತ 6: ಸೈಕಲ್ಲಿನಿಂದ ಕೆಳಗೆ ಮಾಡುವ ಕೆಲಸ

ಮೂವತ್ತು ದಾಟಿದ ಮೇಲೆ ಸ್ನಾಯು ನಿಧಾನವಾಗಿ ಕರಗತೊಡಗುತ್ತದೆ. ಏನೂ ಮಾಡದೆ ಇದ್ದರೆ ದಶಕಕ್ಕೆ ಸುಮಾರು 3ರಿಂದ 8 ಶೇಕಡಾ, ಅರವತ್ತರ ನಂತರ ಇನ್ನೂ ಬೇಗ. ಮೊದಲು ಹೋಗುವುದು ಚುರುಕಾಗಿ ಕೆಲಸ ಮಾಡುವ ಎಳೆಗಳು. ಚಕ್ರ ಜಾರಿದಾಗ ಥಟ್ಟನೆ ಸಾವರಿಸಿಕೊಳ್ಳಲು ಬೇಕಾದದ್ದೂ ಅವೇ. ಬರೀ ಸೈಕಲ್ ಹೊಡೆದು ಇದನ್ನು ತಡೆಯಲಾಗುವುದಿಲ್ಲ. ಭಾರ ಎತ್ತಬೇಕು.

ವಾರಕ್ಕೆ ಎರಡು ದಿನ, ಅರ್ಧ ಗಂಟೆಯಿಂದ ನಲವತ್ತು ನಿಮಿಷ. ಪ್ರತಿ ವ್ಯಾಯಾಮ 8ರಿಂದ 12 ಸಲ, ಎರಡು ಅಥವಾ ಮೂರು ಸುತ್ತು. ಕುರ್ಚಿಯಿಂದ ಎದ್ದು ಕೂರುವುದರಿಂದ ಶುರು ಮಾಡಿ, ಆಮೇಲೆ ಎದೆಗೆ ಭಾರ ಹಿಡಿದು ಸ್ಕ್ವಾಟ್. ಸೊಂಟದಿಂದ ಬಾಗಿ ನೆಲದ ಭಾರ ಎತ್ತುವ ಡೆಡ್‌ಲಿಫ್ಟ್. ಇದು ಮೇಲೆ ಹೇಳಿದ ಸಿದ್ಧ ನಿಲುವಿನದೇ ಚಲನೆ, ಹಾಗಾಗಿ ಒಂದೇ ಕಲ್ಲಿಗೆ ಎರಡು ಹಕ್ಕಿ. ಗೋಡೆಗೆ, ಆಮೇಲೆ ಮೇಜಿಗೆ, ಆಮೇಲೆ ನೆಲಕ್ಕೆ ಪುಷ್ಅಪ್. ಭಾರವನ್ನು ಹೊಟ್ಟೆ ಕಡೆಗೆ ಎಳೆಯುವ ರೋ. ಎರಡೂ ಕೈಯಲ್ಲಿ ಭಾರ ಹಿಡಿದು ನಡೆಯುವುದು, ಇದರಿಂದ ಕೈ ಹಿಡಿತವೂ ಬಲವಾಗುತ್ತದೆ. ಎರಡು ತಿಂಗಳು ಬಿಟ್ಟು, ಮಂಡಿ ಒಪ್ಪಿದರೆ, ಮೇಲೇಳುವ ಭಾಗವನ್ನು ಚುರುಕಾಗಿ ಮಾಡಿ. ವಯಸ್ಸಾದಂತೆ ಬಲಕ್ಕಿಂತ ಚುರುಕು ಬೇಗ ಇಳಿಯುವುದರಿಂದ ಇದು ಬೇಕು.

ಬ್ಯಾಲೆನ್ಸ್‌ಗೆ ಬೇರೆ ಸಮಯ ಬೇಡ. ಹಲ್ಲುಜ್ಜುವಾಗ ಒಂದೇ ಕಾಲಲ್ಲಿ ನಿಲ್ಲಿ. ಹತ್ತು ಸೆಕೆಂಡು ನಿಲ್ಲಲು ಆಗದಿದ್ದರೆ ಕಷ್ಟದ ಟ್ರೇಲಿಗೆ ಹೋಗುವ ಮೊದಲು ಇದರ ಮೇಲೆ ಕೆಲಸ ಮಾಡಿ. ಮೂವತ್ತು ಸೆಕೆಂಡು ಸಲೀಸಾದರೆ ತಲೆ ಆ ಕಡೆ ಈ ಕಡೆ ತಿರುಗಿಸುತ್ತಾ ನಿಲ್ಲಿ. ದಿನಕ್ಕೊಮ್ಮೆ ನೆಲದ ಮೇಲೆ ಕೂತು, ಕೈ ಊರದೆ ಏಳಲು ನೋಡಿ.

ಪ್ರೋಟೀನ್ ವಿಷಯದಲ್ಲಿ ವಯಸ್ಸಾದವರಿಗೆ ಯುವಕರಿಗಿಂತ ಜಾಸ್ತಿ ಬೇಕು, ಕಡಿಮೆ ಅಲ್ಲ. ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ. 70 ಕಿಲೋ ಇದ್ದರೆ 70ರಿಂದ 84 ಗ್ರಾಂ. ಒಂದೇ ಊಟದಲ್ಲಿ ತುಂಬಿಸದೆ ಮೂರು ಹೊತ್ತಿಗೂ ಹಂಚಿ. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಹೆಚ್ಚಿಸಬೇಡಿ.

ಹಂತ 7: ವಾರವನ್ನು ಹೊಂದಿಸುವುದು

ವಾರಕ್ಕೆ ಮೂರು ಸವಾರಿ ಚೆನ್ನಾಗಿ ಹೊಂದುತ್ತದೆ. ಎರಡು ಸುಲಭದ್ದು, ಒಂದು ಕಷ್ಟದ್ದು. ಸುಲಭ ಅಂದರೆ ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಲು ಆಗಬೇಕು. ಏದುಸಿರು ಬಂದು ಎರಡು ಪದಕ್ಕೆ ನಿಲ್ಲಿಸಿದರೆ ಅದು ಸುಲಭ ಅಲ್ಲ. ಎಲ್ಲ ಸವಾರಿಯನ್ನೂ ಅರ್ಧಂಬರ್ಧ ಕಷ್ಟವಾಗಿ ಮಾಡಿ, ಸುಸ್ತನ್ನೇ ಸಾಧನೆ ಅಂದುಕೊಳ್ಳುವವರು ಜಾಸ್ತಿ. ಅವರಿಗೆ ಕಷ್ಟದ ದಿನ ಬಂದಾಗ ಕಾಲಲ್ಲಿ ಏನೂ ಉಳಿದಿರುವುದಿಲ್ಲ.

ಹೃದಯ ಬಡಿತದ ಲೆಕ್ಕ ಬೇಕು ಅನ್ನುವವರಿಗೆ: 220ರಿಂದ ವಯಸ್ಸು ಕಳೆಯುವ ಹಳೆಯ ಸೂತ್ರಕ್ಕಿಂತ, 208ರಿಂದ ವಯಸ್ಸಿನ 0.7 ಪಾಲು ಕಳೆಯುವ 2001ರ ಸೂತ್ರ ವಯಸ್ಸಾದವರಿಗೆ ವಾಸಿ. ಅರವತ್ತರವರಿಗೆ ಮೊದಲನೆಯದು 160 ಅನ್ನುತ್ತದೆ, ಎರಡನೆಯದು 166. ಎರಡೂ ಸರಾಸರಿ ಲೆಕ್ಕವೇ. ಒಬ್ಬೊಬ್ಬರಿಗೆ ಹತ್ತು ಬಡಿತ ಆಚೆ ಈಚೆ ಇರುವುದು ಸಾಮಾನ್ಯ. ಮಾತಿನ ಪರೀಕ್ಷೆಯೇ ನನಗೆ ಇಷ್ಟ.

ಶುರುವಿನ ಹದಿನೈದು ನಿಮಿಷ ನಿಧಾನ. ಪಾರ್ಕಿಂಗ್ ಪಕ್ಕದಲ್ಲೇ ಕಡಿದಾದ ಏರು ಇದ್ದರೆ ರಸ್ತೆಯಲ್ಲಿ ಸ್ವಲ್ಪ ಸುತ್ತಿ ಬಂದು ಹತ್ತಿ. ಕಷ್ಟದ ಸವಾರಿ ಆದ ಮೇಲೆ 48 ಗಂಟೆ ಮತ್ತೆ ಅಷ್ಟೇ ಜೋರು ಬೇಡ. ಸ್ನಾಯು ನೋವು ಮಾರನೆಯ ದಿನಕ್ಕಿಂತ ಅದರ ಮಾರನೆಯ ದಿನ ಜಾಸ್ತಿ ಇರುವುದೂ ಉಂಟು, ಅದನ್ನು ನೋಡಿಯೇ ಮುಂದಿನದನ್ನು ತೀರ್ಮಾನಿಸಿ. ಮೂರು ವಾರ ಏರಿಸಿ ನಾಲ್ಕನೆಯ ವಾರ ಅರ್ಧಕ್ಕೆ ಇಳಿಸುವುದು ಹಳೆಯ ಪದ್ಧತಿ. ಐವತ್ತರ ಮೇಲೆ ಎರಡು ವಾರ ಏರಿಸಿ ಮೂರನೆಯದನ್ನು ಇಳಿಸಿದರೆ ಬಹಳ ಜನಕ್ಕೆ ಹೆಚ್ಚು ಹಿತ. ನಿದ್ದೆ ಕೆಟ್ಟ ದಿನ ಟ್ರೇಲ್ ಬಿಟ್ಟು ಸಮತಟ್ಟು ದಾರಿಗೆ ಹೋಗಿ.

ಎದೆಯಲ್ಲಿ ಬಿಗಿತ, ಹಿಂದೆಂದೂ ಇಲ್ಲದ ಉಬ್ಬಸ, ತಲೆ ಸುತ್ತು, ತಾಳ ತಪ್ಪಿದ ಬಡಿತ ಬಂದರೆ ಅಲ್ಲೇ ನಿಲ್ಲಿ. ಎದೆ ಬಿಗಿತ ಹೋಗದಿದ್ದರೆ ತುರ್ತು ಕರೆ ಮಾಡಿ. ಬಂದು ಹೋದರೂ "ಗ್ಯಾಸ್ ಇರಬೇಕು" ಅಂತ ಸುಮ್ಮನಾಗದೆ ವೈದ್ಯರಿಗೆ ತೋರಿಸಿ. ವರ್ಷಗಟ್ಟಲೆ ದೂರದ ಸವಾರಿ ಮಾಡಿದ ಗಂಡಸರಲ್ಲಿ ಹೃದಯದ ತಾಳ ತಪ್ಪುವ ಏಟ್ರಿಯಲ್ ಫಿಬ್ರಿಲೇಷನ್ ಸ್ವಲ್ಪ ಹೆಚ್ಚೇ ಕಾಣುತ್ತದೆ. ಗಟ್ಟಿಮುಟ್ಟಾಗಿರುವುದು ಇದಕ್ಕೆ ರಕ್ಷಣೆ ಅಲ್ಲ.

ಹಂತ 8: ಎಲೆಕ್ಟ್ರಿಕ್ ಬೇಕಾ?

ಮೋಟಾರು ಇರುವ ಮೌಂಟೇನ್ ಸೈಕಲ್ ಅಂದರೆ ಮೋಸ ಅನ್ನುವ ಕಾಲ ಹೋಯಿತು. ಯುರೋಪಿನ ನಿಯಮದಲ್ಲಿ ಮೋಟಾರಿನ ಶಕ್ತಿ 250 ವ್ಯಾಟ್, ಗಂಟೆಗೆ 25 ಕಿಲೋಮೀಟರ್ ದಾಟಿದರೆ ಸಹಾಯ ನಿಲ್ಲುತ್ತದೆ. ಪೆಡಲ್ ಮಾಡದೆ ಅದು ಓಡುವುದಿಲ್ಲ. ಏರಿನಲ್ಲಿ ಹೃದಯ ತೀರಾ ಮೇಲೇರದಂತೆ ಹಿಡಿದಿಡಲು, ಮಂಡಿ ಉಳಿಸಲು, ಮಕ್ಕಳ ಜೊತೆ ಅದೇ ವೇಗದಲ್ಲಿ ಹೋಗಲು ಇದು ನಿಜಕ್ಕೂ ಒಳ್ಳೆಯದು.

ಆದರೆ ಮಾರುವವರು ಹೇಳದ ಮಾತು ಒಂದಿದೆ. ಇಂಥ ಸೈಕಲ್ ಸಾಮಾನ್ಯವಾಗಿ 20ರಿಂದ 25 ಕಿಲೋ ತೂಗುತ್ತದೆ. ಬಿದ್ದಾಗ ಕಾಲ ಮೇಲೆ ಬೀಳುವುದು ಆ ಭಾರ. ಬೇಲಿ ದಾಟಿಸಲು, ಕಾರಿಗೆ ಏರಿಸಲು ನಿಮ್ಮ ಕೈಯಲ್ಲಿ ಆಗುತ್ತಾ ಅಂತ ಅಂಗಡಿಯಲ್ಲೇ ಎತ್ತಿ ನೋಡಿ. ಇನ್ನೂ ಮುಖ್ಯ: ಹಿಂದೆ ಕಾಲಿನ ಶಕ್ತಿಯೇ ಒಂದು ಮಿತಿ ಹಾಕುತ್ತಿತ್ತು. ಹತ್ತಲು ಆಗದ ಬೆಟ್ಟದಿಂದ ಇಳಿಯುವ ಪ್ರಶ್ನೆ ಇರಲಿಲ್ಲ. ಮೋಟಾರು ಯಾರನ್ನಾದರೂ ಮೇಲಕ್ಕೆ ಒಯ್ಯುತ್ತದೆ, ಕೆಳಗೆ ಬರುವುದು ಮಾತ್ರ ಅವರವರ ಕೈಚಳಕ. ನಾಲ್ಕನೆಯ ಹಂತ ಮುಗಿಸದೆ ಎಲೆಕ್ಟ್ರಿಕ್ ತೆಗೆದುಕೊಂಡರೆ ಅಪಾಯ ಜಾಸ್ತಿಯಾಗುತ್ತದೆ. ಅದನ್ನು ಎಲ್ಲ ಟ್ರೇಲಿಗೂ ಬಿಡುವುದಿಲ್ಲ, ಮೊದಲೇ ವಿಚಾರಿಸಿ.

ಹಂತ 9: ಹೊರಡುವ ದಿನ

ವಯಸ್ಸಾದಂತೆ ಬಾಯಾರಿಕೆ ತಡವಾಗಿ ಗೊತ್ತಾಗುತ್ತದೆ. ಬಾಯಾರಿಕೆಗೆ ಕಾಯದೆ ಹದಿನೈದು-ಇಪ್ಪತ್ತು ನಿಮಿಷಕ್ಕೊಮ್ಮೆ ಒಂದೆರಡು ಗುಟುಕು ಕುಡಿಯಿರಿ. ಹೃದಯದ ತೊಂದರೆಗೆ ನೀರಿನ ಮಿತಿ ಹೇಳಿದ್ದರೆ ಅದನ್ನೇ ಪಾಲಿಸಿ. ಹೆಲ್ಮೆಟ್, ಪೂರ್ತಿ ಬೆರಳಿನ ಗ್ಲೌಸ್, ತೆಳ್ಳಗಿನ ಮಂಡಿ ಪ್ಯಾಡ್ ಯಾವಾಗಲೂ ಇರಲಿ. ಮಂಡಿ ಪ್ಯಾಡ್ ಹಾಕಿದರೆ ಕೀಲು ಬೆಚ್ಚಗಿರುತ್ತದೆ ಅನ್ನುವುದು ಬೋನಸ್. ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ವಾಪಸ್ ಅಂತ ಮನೆಯವರಿಗೆ ಮೆಸೇಜ್ ಹಾಕಿ. ಫೋನನ್ನು ಹ್ಯಾಂಡಲ್ ಮೇಲೆ ಇಡದೆ ಮೈಮೇಲೆ ಇಟ್ಟುಕೊಳ್ಳಿ, ಬಿದ್ದಾಗ ಸೈಕಲ್ ಇನ್ನೆಲ್ಲೋ ಹೋಗಿರುತ್ತದೆ. ತೆಗೆದುಕೊಳ್ಳುವ ಮಾತ್ರೆಗಳ ವಿವರ ಫೋನಿನ ತುರ್ತು ಮಾಹಿತಿಯಲ್ಲಿ ತುಂಬಿಡಿ.

ಜೊತೆಗಾರರನ್ನು ಆರಿಸುವುದು ಟ್ರೇಲ್ ಆರಿಸಿದಷ್ಟೇ ಮುಖ್ಯ. ಮೇಲೆ ಹೋಗಿ ಕಾಯುವವರು ಸರಿ. ಆದರೆ ನೀವು ತಲುಪಿದ ತಕ್ಷಣ ಹೊರಟುಬಿಡುವವರಿಂದ ನಿಮಗೆ ವಿಶ್ರಾಂತಿಯೇ ಸಿಗುವುದಿಲ್ಲ, ಅದನ್ನು ಬಾಯಿಬಿಟ್ಟು ಹೇಳಿ.

ಹಂತ 10: ಬಿದ್ದಾಗ, ಬಿದ್ದ ಮೇಲೆ

ಎಷ್ಟು ಎಚ್ಚರ ವಹಿಸಿದರೂ ಒಂದು ದಿನ ಬೀಳುತ್ತೀರಿ. ಕೈ ನೆಟ್ಟಗೆ ಚಾಚಿ ಬಿದ್ದರೆ ಮಣಿಕಟ್ಟು ಅಥವಾ ಕತ್ತಿನ ಕೆಳಗಿನ ಕಾಲರ್ ಮೂಳೆ ಮುರಿಯುವ ಸಾಧ್ಯತೆ ಜಾಸ್ತಿ. ಮೊಣಕೈ ಮಡಚಿ, ಗಲ್ಲ ಎದೆಗೆ ಒತ್ತಿ, ಪಕ್ಕಕ್ಕೆ ಉರುಳುವುದನ್ನು ಮೆತ್ತನೆಯ ಹುಲ್ಲಿನ ಮೇಲೆ ಮಂಡಿಯೂರಿ ಅಭ್ಯಾಸ ಮಾಡಬಹುದು. ಮೂಳೆ ಸವೆದಿದೆ ಅಂತ ಗೊತ್ತಿರುವವರು ಇದನ್ನು ಬಿಡಿ.

ಬಿದ್ದ ತಕ್ಷಣ ಎದ್ದು "ಏನಿಲ್ಲ, ಏನಿಲ್ಲ" ಅನ್ನಬೇಡಿ. ಹಾಗೇ ಎರಡು ನಿಮಿಷ ಇರಿ. ಕುತ್ತಿಗೆ ನೋವಿದ್ದರೆ, ಕೈಕಾಲು ಜುಮ್ಮೆಂದರೆ ಅಲುಗಾಡದೆ ಸಹಾಯ ಕರೆಸಿ. ತಲೆಗೆ ಪೆಟ್ಟಾಗಿ ಗೊಂದಲ, ವಾಂತಿ, ತಲೆನೋವು, ಬೆಳಕು ಚುಚ್ಚುವುದು, ನಡೆದದ್ದು ಮರೆಯುವುದು ಇದ್ದರೆ ಆ ದಿನದ ಸವಾರಿ ಮುಗಿಯಿತು. ರಕ್ತ ತೆಳುವಾಗಿಸುವ ಔಷಧಿ ಇದ್ದರೆ ಏನೂ ಅನಿಸದಿದ್ದರೂ ನೇರವಾಗಿ ಆಸ್ಪತ್ರೆಗೆ ಹೋಗಿ.

ಮಣಿಕಟ್ಟಿನಲ್ಲಿ ಹೆಬ್ಬೆರಳ ಬುಡದ ಕುಳಿಯಲ್ಲಿ ಒತ್ತಿದರೆ ನೋವಾ? ಸ್ಕ್ಯಾಫಾಯ್ಡ್ ಅನ್ನುವ ಪುಟ್ಟ ಮೂಳೆ ಬಿರುಕು ಬಿಟ್ಟಿರಬಹುದು. ಮೊದಲ ದಿನದ ಎಕ್ಸ್‌ರೇಯಲ್ಲಿ ಅದು ಕಾಣದೇ ಇರುವುದುಂಟು. ನೋವು ಹಾಗೇ ಇದ್ದರೆ ಹತ್ತರಿಂದ ಹದಿನಾಲ್ಕು ದಿನದಲ್ಲಿ ಮತ್ತೆ ತೋರಿಸಿ. ಬಿಟ್ಟರೆ ಮೂಳೆ ಕೂಡದೆ ಹೋಗಿ, ಹ್ಯಾಂಡಲ್ ಹಿಡಿಯುವುದೇ ಶಾಶ್ವತ ತೊಂದರೆ ಆಗುತ್ತದೆ.

ಕಾಲರ್ ಮೂಳೆ ಮುರಿದರೆ ಕೂಡಲು ಸಾಮಾನ್ಯವಾಗಿ ಆರರಿಂದ ಹನ್ನೆರಡು ವಾರ. ಅಷ್ಟೂ ದಿನ ಸುಮ್ಮನೆ ಕೂರಬೇಡಿ. ವೈದ್ಯರು ಒಪ್ಪಿದರೆ ಕಾಲಿನ ವ್ಯಾಯಾಮ, ನಡಿಗೆ, ಮನೆಯೊಳಗಿನ ನಿಂತ ಸೈಕಲ್ ಮುಂದುವರಿಸಿ. ಮತ್ತೆ ಶುರು ಮಾಡುವಾಗ ಮೊದಲು ಬಯಲಿನ ಅಭ್ಯಾಸ, ಆಮೇಲೆ ಅತಿ ಸುಲಭದ ಟ್ರೇಲ್, ಅದು ಬೇಸರ ಬರುವಷ್ಟು ಸಲೀಸಾದ ಮೇಲೆ ಹಳೆಯ ಜಾಗ. ಬಿದ್ದ ಜಾಗಕ್ಕೆ ಮೊದಲ ದಿನವೇ ಹೋಗಿ ಸೇಡು ತೀರಿಸಿಕೊಳ್ಳಲು ನೋಡಬೇಡಿ. ಸೈಕಲ್ಲಿನ ಹ್ಯಾಂಡಲ್, ಬ್ರೇಕ್ ಲಿವರ್, ರೋಟರ್ ಬಾಗಿದೆಯಾ ಅಂತ ನೋಡಿಸಿ. ಹೆಲ್ಮೆಟ್ ನೆಲಕ್ಕೆ ಬಡಿದಿದ್ದರೆ ಹೊರಗೆ ಗೀರು ಕಾಣದಿದ್ದರೂ ಒಳಗಿನ ಫೋಮ್ ಕುಗ್ಗಿರಬಹುದು. ಹೊಸದು ಕೊಂಡ ಮೇಲೆಯೇ ಟ್ರೇಲಿಗೆ ಹೋಗಿ.